ಕಂಬದ ಬದಿಯ ಚಿಕ್ಕಮ್ಮ

ಮೊನ್ನೆ ಮಗಳು ನನ್ನ ಮದುವೆಯ ಡಿವಿಡಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆಂದು ಕೂತಳು. ಕಪಾಟಿನಲ್ಲಿ ಎರಡು ಡಿಸ್ಕ್ ಸಿಕ್ಕಿದವು. ಎರಡರ ಮೇಲೂ ನಮ್ಮದೇ ಫೋಟೋ, ಸುತ್ತ ಅದೇ ಗುಲಾಬಿ ಹೂವಿನ ಅಂಚು. “ಅಮ್ಮಾ, ಯಾವುದನ್ನ ಕಾಪಿ ಮಾಡ್ಲಿ? ಎರಡೂ ಒಂದೇ ಅಲ್ವಾ?” ಎಂದಳು. ಒಂದೇ ಅಲ್ಲ. ಅದು ನನಗೆ ಗೊತ್ತಾದದ್ದು ಚಿಕ್ಕಮ್ಮ ತೀರಿಕೊಂಡ ಮೇಲೆ.

ನನ್ನನ್ನು ಸಾಕಿದವಳು ಈ ಚಿಕ್ಕಮ್ಮ. ಅಮ್ಮ ತೀರಿಹೋದಾಗ ನನಗೆ ಮಾತೇ ಸರಿಯಾಗಿ ಬರುತ್ತಿರಲಿಲ್ಲವಂತೆ. ಅದಕ್ಕೂ ಮೊದಲೇ ಚಿಕ್ಕಪ್ಪ ಹೋಗಿದ್ದರು. ಹಾಗಾಗಿ ನನ್ನ ಜಡೆ, ಜ್ವರ, ಹಟ ಎಲ್ಲವೂ ಅವಳ ಪಾಲಿಗೆ ಬಂದವು. ಹಟ ಈಗ ನನ್ನ ಗಂಡನ ಪಾಲಿಗೆ ಬಂದಿದೆ, ಆ ಮಾತು ಬೇರೆ.

ಮದುವೆ ಕೊಪ್ಪದಲ್ಲಿ. ಮನೆಮನೆಗೂ ಡಿವಿಡಿ ಪ್ಲೇಯರ್ ಬರುತ್ತಿದ್ದ ಕಾಲ. ನಮ್ಮಲ್ಲಿ ಧಾರೆಯ ಹೊತ್ತಿಗೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹೆಣ್ಣುಗಂಡಿನ ಜೋಡಿಸಿದ ಕೈಗಳ ಮೇಲೆ ಗಿಂಡಿಯಿಂದ ಹಾಲು ಎರೆಯುತ್ತಾರೆ. ಗಂಡ ಹೋದವರನ್ನು ಮಾತ್ರ ಯಾರೂ ಕರೆಯುವುದಿಲ್ಲ. “ಚಿಕ್ಕಮ್ಮ ಎರೆಯದೆ ಇನ್ಯಾರು ಎರೀಬೇಕು?” ಎಂದು ಅಪ್ಪನ ಹತ್ತಿರ ಜಗಳಕ್ಕೆ ನಿಂತೆ. ಮಾತು ಮುಗಿಸಿದವಳು ಚಿಕ್ಕಮ್ಮನೇ. “ಸುಮ್ನಿರು ಮಾರಾಯ್ತಿ. ನಾನು ಕಂಬದ ಹತ್ರ ನಿತ್ಕಂಡು ನೋಡ್ತೀನಿ. ಅಲ್ಲಿಂದ ಎಲ್ಲ ಚೆನ್ನಾಗಿ ಕಾಣ್ತದೆ.” ಧಾರೆಯ ಹೊತ್ತಿನಲ್ಲಿ ನಾನು ತಲೆ ಎತ್ತಲಿಲ್ಲ. ಎಲ್ಲರೂ ನಾಚಿಕೆ ಎಂದುಕೊಂಡರು. ಕಂಬದ ಕಡೆ ನೋಡಿದರೆ ಅಳು ಬರುತ್ತದೆಂಬ ಹೆದರಿಕೆ ಅದು.

ವಿಡಿಯೋದವನು ಆಗಷ್ಟೇ ಅಗಲ ಚಿತ್ರ ತೆಗೆಯುವ ಹೊಸ ಕ್ಯಾಮೆರಾ ತಂದಿದ್ದ. ನಿಮಗೂ ಆ ಕಾಲದ ಟಿವಿ ನೆನಪಿರಬಹುದು: ಹೊಟ್ಟೆಯನ್ನು ಹಿಂದಕ್ಕೆ ಚಾಚಿ, ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿತ್ತಲ್ಲ, ಅದು. ಅವನು ಕೊಟ್ಟ ಡಿಸ್ಕನ್ನು ಹಾಕಿದರೆ ಮೇಲೊಂದು ಕಪ್ಪು ಪಟ್ಟಿ, ಕೆಳಗೊಂದು ಕಪ್ಪು ಪಟ್ಟಿ, ನಡುವೆ ನಮ್ಮ ಮದುವೆ. “ಎಂತ ಇದು? ಟಿವಿ ಇಷ್ಟು ದೊಡ್ಡದಿದೆ, ಮದುವೆ ಮಾತ್ರ ಇಷ್ಟೇ ಇಷ್ಟು!” ಎಂದು ಅಪ್ಪ ಸ್ಟುಡಿಯೋದಲ್ಲಿ ಗಲಾಟೆ ಮಾಡಿ, ಪರದೆ ತುಂಬುವ ಇನ್ನೊಂದು ಡಿಸ್ಕ್ ಮಾಡಿಸಿಕೊಂಡು ಬಂದರು. ಎಲ್ಲರಿಗೂ ಸಮಾಧಾನವಾಯಿತು, ನನಗೂ. ಆ ‘ಫುಲ್’ ಡಿಸ್ಕನ್ನೇ ನರಸಿಂಹರಾಜಪುರದ ಗಂಡನ ಮನೆಗೆ ಒಯ್ದೆ.

ಕೆಲವು ವರ್ಷ ಕಳೆದು ಚಿಕ್ಕಮ್ಮ ತೀರಿಕೊಂಡಳು. ಉಳಿದದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿರುವವಳು ಬೇರೆ ಯಾರೋ ಅನ್ನಿಸುತ್ತಿತ್ತು. ಉಸಿರಾಡುವ, ಸೆರಗು ಸರಿಮಾಡಿಕೊಳ್ಳುವ ಚಿಕ್ಕಮ್ಮನನ್ನು ಒಮ್ಮೆ ನೋಡಬೇಕೆನಿಸಿ ಡಿಸ್ಕ್ ಹಾಕಿದೆ. ಅಪ್ಪ ಇದ್ದರು, ಸೋದರತ್ತೆ ಇದ್ದಳು, ಪುರೋಹಿತರು ಇದ್ದರು. ಕಂಬವೇ ಇರಲಿಲ್ಲ.

ಮರುದಿನವೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. “ಫುಲ್ ಅಂದ್ರೆ ಎರಡೂ ಬದಿ ಕತ್ತರಿಸಿ ದೊಡ್ಡದು ಮಾಡಿದ್ದಲ್ವಾ ಅಕ್ಕ,” ಎಂದ ಸ್ಟುಡಿಯೋದವನು. “ನಿಮ್ಮಪ್ಪನೇ ಹಂಗೆ ಬೇಕು ಅಂದ್ರು. ಶೂಟಿಂಗ್ ಮಾಡಿದ ಕ್ಯಾಸೆಟ್ ಮೇಲೆ ಬೇರೆ ಮದುವೆ ತುಂಬ್ಸಿ ಆಯ್ತು. ಕಪ್ಪು ಪಟ್ಟಿ ಬರೋ ಡಿಸ್ಕ್ ಇದ್ರೆ ಹುಡುಕಿ, ಅದ್ರಲ್ಲಿ ಎಲ್ಲ ಇರ್ತದೆ.”

ಅದು ತವರಿನಲ್ಲಿ, ಚಿಕ್ಕಮ್ಮನ ಟ್ರಂಕಿನಲ್ಲಿ, ಹಳೆಯ ಟವೆಲ್ಲಿನೊಳಗೆ ಸಿಕ್ಕಿತು. ಹಾಳಾದ ಡಿಸ್ಕೆಂದು ಅಪ್ಪ ಎಸೆಯಹೊರಟಾಗ, ಮೇಲೆ ನನ್ನ ಫೋಟೋ ಇದೆಯಲ್ಲ ಎಂದು ಎತ್ತಿಟ್ಟುಕೊಂಡಿದ್ದಳಂತೆ. ಹಾಕಿದೆವು. ಕಪ್ಪು ಪಟ್ಟಿಗಳ ನಡುವೆ, ಬಲತುದಿಯಲ್ಲಿ ಕಂಬ. ಅದರ ಬದಿಗೆ ಹೆಬ್ಬೆರಳಿನಷ್ಟು ಚಿಕ್ಕಮ್ಮ. ಮುಖ ಮಸುಕು, ನಿಂತ ರೀತಿ ಮಾತ್ರ ಅವಳದೇ. ನಾನು ಅತ್ತುಬಿಟ್ಟೆ. ಅಪ್ಪನೂ ಅತ್ತರು.

ಈಗ ನಮ್ಮ ಗೋಡೆಯ ಮೇಲಿರುವುದು ಅಗಲದ ಟಿವಿ. ಮಗಳು ಮೊದಲು ‘ಫುಲ್’ ಡಿಸ್ಕ್ ಹಾಕಿದಳು. ಅಡ್ಡಕ್ಕೆ ಜಗ್ಗಿದ ಹಾಗೆ ಎಲ್ಲರೂ ದಪ್ಪ. ನಾನಂತೂ ಆಗಲೇ ಈಗಿನಷ್ಟಾಗಿದ್ದೆ. “ಇದಲ್ಲ, ಇನ್ನೊಂದು ಹಾಕು,” ಎಂದೆ. ಈ ಸಲ ಪಟ್ಟಿಗಳಿಲ್ಲದೆ ಗೋಡೆಯುದ್ದಕ್ಕೂ ಮದುವೆ ಹರಡಿಕೊಂಡಿತು. ಸೋದರತ್ತೆ ಗಿಂಡಿ ಬಾಗಿಸಿದಳು. ಅದೇ ಹೊತ್ತಿಗೆ ಕಂಬದ ಬದಿಯಲ್ಲಿ ಚಿಕ್ಕಮ್ಮನ ಬಲಗೈ ಸೆರಗಿನಿಂದ ಈಚೆ ಬಂತು. ಬೆರಳುಗಳು ಏನನ್ನೋ ಹಿಡಿದಂತೆ ಮಡಿಸಿಕೊಂಡವು. ಕೈ ಮೆಲ್ಲಗೆ ಬಾಗಿತು, ಹಾಗೇ ನಿಂತಿತು. ಹಳೆಯ ಟಿವಿಯ ಸಣ್ಣ ಚಿತ್ರದಲ್ಲಿ ಇದು ನನಗೆ ಒಮ್ಮೆಯೂ ಕಂಡಿರಲಿಲ್ಲ.

“ಆ ಅಜ್ಜಿ ಕೈಯಲ್ಲಿ ಏನೂ ಇಲ್ವಲ್ಲ. ಎಂತ ಮಾಡ್ತಿದಾರೆ ಅಮ್ಮಾ?”

“ನಂಗೆ ಧಾರೆ ಎರೀತಿದಾಳೆ,” ಎಂದೆ. “ಇದನ್ನೇ ಕಾಪಿ ಮಾಡು.”