ಮೊಟ್ಟೆ ತಿರುಗಿಸಿದವರು ಯಾರು

ನನ್ನ ತಮ್ಮ ತಾಗನ್ ಕಾಲುವೆಯ ಪಂಪ್‌ಮನೆ ನೋಡಿಕೊಳ್ಳುತ್ತಿದ್ದ. ಕಾರಾಕುಮ್ ಮರಳುಗಾಡಿನ ಅಂಚಿನಲ್ಲಿರುವ ನಮ್ಮೂರಿನ ಹತ್ತಿಹೊಲಗಳಿಗೆ ನೀರು ಹರಿಯುವುದೂ ಅವನು ಗುಂಡಿ ಒತ್ತಿದರೆ, ನಿಲ್ಲುವುದೂ ಅವನು ಒತ್ತಿದರೆ. ಆ ಮನೆಯ ಬೀಗದ ಕೈ ಅವನ ಮದುವೆಗೂ ಮುಂಚಿನಿಂದ ಅವನ ಸೊಂಟದ ಬೆಲ್ಟಿನಲ್ಲೇ ನೇತಾಡುತ್ತಿತ್ತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಚಹದ ಬಟ್ಟಲನ್ನು ಕೂಡ ದಿನವೂ ಒಂದೇ ಜಾಗದಲ್ಲಿಡುವ ಮನುಷ್ಯ. ನಾನು ಎನೆಜಾನ್, ಅವನ ಅಕ್ಕ. ಗಂಡ ಸತ್ತ ಮೇಲೆ ಅವನ ಪಕ್ಕದ ಅಂಗಳದಲ್ಲೇ ಇದ್ದೇನೆ. ನಡುವಿನ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿದೆ. ಆ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥ ನನಗೇ ಆ ವಸಂತದಲ್ಲಿ ತಲೆಬುಡ ತಿಳಿಯದೆ ಹೋಯಿತು.

ಅದರ ಹಿಂದಿನ ವರ್ಷ ಅವನ ಹೆಂಡತಿ ಓಗುಲ್‌ಬೀಬಿ ತೀರಿಕೊಂಡಿದ್ದಳು. ಅವಳಿಗೆ ತನ್ನ ಕೋಳಿಗಳೆಂದರೆ ಪ್ರಾಣ. ಕರಿಕೋಳಿಗಳು, ಕಾಲತುಂಬ ಪುಕ್ಕ. ತವರಿನಿಂದ ಬರುವಾಗ ಬುಟ್ಟಿಯಲ್ಲಿ ತಂದ ತಳಿ. ಪೈಜಾಮ ತೊಟ್ಟ ಕೋಳಿ ಎಂದು ತಾಗನ್ ಅವನ್ನು ಗೇಲಿ ಮಾಡುತ್ತಿದ್ದ. ಅವಳು ಹೋದ ಮೇಲೆ ಮಾತ್ರ, ಸಂಜೆ ಪಂಪ್‌ಮನೆಯಿಂದ ಬಂದವನು ಕೋಳಿಗೂಡಿನ ಮುಂದೆ ಸುಮ್ಮನೆ ಕೂತಿರುತ್ತಿದ್ದ. ಆ ವಸಂತದಲ್ಲಿ ಊರಿಗೆಲ್ಲ ಕೋಳಿರೋಗ ಬಂತು. ಹೇಂಟೆ, ಹುಂಜ ಎಲ್ಲ ಕುತ್ತಿಗೆ ವಾಲಿಸಿ ಸತ್ತವು. ಉಳಿದದ್ದು ರೋಗಕ್ಕೆ ಮುಂಚೆ ತೆಗೆದು ತೌಡಿನ ಬುಟ್ಟಿಯಲ್ಲಿಟ್ಟಿದ್ದ ಮೊಟ್ಟೆಗಳು ಮಾತ್ರ. ಅವು ಮರಿಯಾದರೆ ಓಗುಲ್‌ಬೀಬಿಯ ತಳಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಾವಿಗೆ ಕೂರಿಸೋಣವೆಂದರೆ ಊರಲ್ಲಿ ಒಂದು ಹೇಂಟೆಯೂ ಇರಲಿಲ್ಲ. ತಾಗನ್ ಕೆಟ್ಟುಹೋದ ಫ್ರಿಜ್ಜೊಂದನ್ನು ಅಡ್ಡ ಮಲಗಿಸಿ, ಒಳಗೆ ಎರಡು ಬಲ್ಬು, ಒಂದು ಥರ್ಮಾಮೀಟರ್, ಬಿಸಿ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು, ಒಂದು ಬಟ್ಟಲು ನೀರು ಇಟ್ಟು ಕಾವುಪೆಟ್ಟಿಗೆ ಮಾಡಿದ. ಓಗುಲ್‌ಬೀಬಿಯ ಕೋಣೆಯಲ್ಲಿ, ಅವಳ ಹಾಸಿಗೆ ಮಡಚಿಟ್ಟ ಮೂಲೆಯಲ್ಲಿ ಅದನ್ನು ಇರಿಸಿದ. ಹೇಂಟೆಯಾದರೆ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಲೇ ಇರುತ್ತದೆ. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಪೆಟ್ಟಿಗೆಗೆ ಕೊಕ್ಕಿಲ್ಲವಲ್ಲ, ಅದಕ್ಕೆ ಅವನು ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ನಸುಕಿನಲ್ಲಿ ತಿರುಗಿಸಿದರೆ ಗೆರೆ ಕೆಳಗೆ, ಸಂಜೆ ತಿರುಗಿಸಿದರೆ ಮೇಲೆ.

ಮನೆಯಲ್ಲಿ ಇದ್ದದ್ದು ತಾಗನ್ ಮತ್ತು ಅವನ ಸೊಸೆ ಸೆಲ್ಬಿ, ಇಬ್ಬರೇ. ಮಗನಿಗೆ ದೂರದ ಗ್ಯಾಸ್ ಬಾವಿಗಳಲ್ಲಿ ಪಾಳಿ ಕೆಲಸ. ನಮ್ಮ ತುರ್ಕ್‌ಮೆನ್ ಮನೆಗಳಲ್ಲಿ ಸೊಸೆಯಾದವಳು ಮಾವನೆದುರು ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾಳೆ, ತುಟಿ ಬಿಚ್ಚುವುದಿಲ್ಲ. ಮಾವ ಒಂದು ದಿನ ಉಡುಗೊರೆ ಕೊಟ್ಟು 'ಮಾತಾಡು ಮಗಳೇ' ಎನ್ನುವವರೆಗೂ ಹಾಗೆಯೇ. ನನ್ನ ಮಾವ ಅದನ್ನು ಹೇಳದೆಯೇ ಸತ್ತರು. ಆಗ ಆಡದೆ ಉಳಿದ ಮಾತನ್ನೆಲ್ಲ ಅಕ್ಕ ಈಗ ಆಡಿ ಮುಗಿಸುತ್ತಿದ್ದಾಳೆ ಎಂದು ತಾಗನ್ ಅಣಕಿಸುವುದುಂಟು. ಸೆಲ್ಬಿಯ ಬಾಯಿ ಬಿಡಿಸಲೆಂದು ಓಗುಲ್‌ಬೀಬಿ ಕೆಂಪು ರೇಷ್ಮೆಬಟ್ಟೆ ತಂದು ಸಂದೂಕದಲ್ಲಿಟ್ಟಿದ್ದಳು, ಅಷ್ಟರಲ್ಲಿ ಅವಳೇ ಹೋದಳು. ಸಾವಾದ ವರ್ಷದಲ್ಲಿ ಅಂಥದ್ದನ್ನು ಮಾಡುವುದಿಲ್ಲ. ಹೀಗೆ ಒಂದೇ ಸೂರಿನಡಿ ಒಬ್ಬ ಮಾತಾಡದವನು, ಒಬ್ಬಳು ಮಾತಾಡಬಾರದವಳು. ಮೊದಲು ಇವರ ಮಾತನ್ನು ಅತ್ತಿಂದಿತ್ತ ಸಾಗಿಸುತ್ತಿದ್ದ ಓಗುಲ್‌ಬೀಬಿಯೂ ಇಲ್ಲ.

ಮೊಟ್ಟೆ ಇಟ್ಟು ಒಂದು ವಾರವಾಗಿತ್ತೋ ಏನೋ, ತಾಗನ್ ನನ್ನ ಅಂಗಳಕ್ಕೆ ಬಂದು ಕೂತ. ಚಹದ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

"ಅಕ್ಕ, ಅಪ್ಪನಿಗೆ ಮರೆವು ಶುರುವಾದಾಗ ಮೊದಲು ಏನನ್ನ ಮರೆತರು?" ಎಂದ ಆಮೇಲೆ.

ನಮ್ಮಪ್ಪ ಕೊನೆಗಾಲದಲ್ಲಿ, ಎಂದೋ ಮಾರಿದ ಕುದುರೆಗೆ ಹುಲ್ಲು ಹಾಕಲು ಹೋಗುತ್ತಿದ್ದರು. ನನ್ನನ್ನು ನೋಡಿ ಯಾರ ಮನೆಯವಳಮ್ಮ ನೀನು ಎಂದು ಕೇಳುತ್ತಿದ್ದರು. ನಾನು ಬಿಡದೆ ಕೆದಕಿದ ಮೇಲೆ ತಾಗನ್ ವಿಷಯ ಹೇಳಿದ. ನಸುಕಿನಲ್ಲಿ ನಮಾಜಿಗೆ ಮುಂಚೆ ಮೊಟ್ಟೆಗಳನ್ನು ತಿರುಗಿಸಿ ಪಂಪ್‌ಮನೆಗೆ ಹೋಗುತ್ತಾನಂತೆ. ಸಂಜೆ ಬಂದು ನೋಡಿದರೆ ತಿರುಗಿಸಿಯೇ ಇಲ್ಲ, ಗೆರೆ ಮೊದಲು ಇದ್ದ ಕಡೆಗೇ ಇರುತ್ತದಂತೆ, ಆಗ ಮತ್ತೆ ತಿರುಗಿಸಿಡುತ್ತಾನಂತೆ. ತಿರುಗಿಸಿದೆ ಎಂದು ಮನಸ್ಸು ಹೇಳುತ್ತದೆ, ಮೊಟ್ಟೆ ಇಲ್ಲ ಎನ್ನುತ್ತದೆ. ಸೆಲ್ಬಿ ಮುಟ್ಟಿರಬಹುದಲ್ಲ ಎಂದೆ. ಕರೆಂಟಿನ ಪೆಟ್ಟಿಗೆ, ಅದರ ಹತ್ತಿರ ಕೈ ಒಯ್ಯಬೇಡ ಎಂದು ಅವಳಿಗೆ ತಾನೇ ಹೇಳಿದ್ದೇನೆ, ಅವಳು ತಲೆಯಾಡಿಸಿದ್ದಾಳೆ, ಹೇಳಿದ ಮಾತು ಮೀರುವ ಹುಡುಗಿಯಲ್ಲ ಎಂದ.

"ನಿನಗೇನೂ ಆಗಿಲ್ಲ ಕಣೋ. ಕಲ್ಲಿನ ಹಾಗಿದೀಯ."

"ಅಪ್ಪನಿಗೂ ಹಿಂಗೇ ಹೇಳ್ತಿದ್ದೆ ಅಕ್ಕ ನೀನು. ಕುದುರೆ ಹುಲ್ಲು ತಿಂತು ಅಂತಿದ್ದೆ."

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹೋದ.

ಎರಡು ದಿನ ಕಳೆದಿರಬಹುದು, ಸೆಲ್ಬಿ ಹಾಲು ಕೊಡುವ ನೆಪದಲ್ಲಿ ಬಂದಳು. ಹೆಂಗಸರ ನಡುವೆ ಅವಳಿಗೆ ಬಾಯಿಗೆ ತಡೆಯಿಲ್ಲ, ಆದರೂ ಆ ದಿನ ಮಾತು ನುಂಗಿ ನುಂಗಿ ಆಡಿದಳು.

"ದೊಡ್ಡತ್ತೆ, ಮಾವ ಮೊಟ್ಟೆ ತಿರುಗಿಸೋದನ್ನ ಮರೀತಿದಾರೆ. ದಿನಾ ಬೆಳಿಗ್ಗೆ ಕಸ ಗುಡಿಸೋಕೆ ಹೋದಾಗ ನೋಡ್ತೀನಿ, ಗೆರೆ ಹಿಂದಿನ ಬೆಳಿಗ್ಗೆ ಹೆಂಗಿತ್ತೋ ಹಂಗೇ ಇರುತ್ತೆ. ನೀವೇ ಒಂದು ಮಾತು ಹೇಳಿ. ಅತ್ತೆಯ ಕೋಳಿ ಅವು."

ಅವನ ಭಯವನ್ನು ಅವನ ಭ್ರಮೆ ಎಂದಾದರೂ ಅಂದುಕೊಂಡಿದ್ದೆ. ಈಗ ಮನೆಯ ಇನ್ನೊಬ್ಬಳೂ ಅದನ್ನೇ ಹೇಳುತ್ತಿದ್ದಾಳೆ. ಆಣೆಯಿಟ್ಟಿದ್ದರಿಂದ ಇವಳಿಗೆ ಅವನ ಮಾತನ್ನು ಹೇಳುವಂತಿಲ್ಲ, ಅವನಿಗೆ ಇವಳ ಮಾತನ್ನು ಹೇಳಿದರೆ ಅವನು ಉಳಿಯುವುದಿಲ್ಲ. ವಾಲ್‌ನಟ್ಟು, ಒಣದ್ರಾಕ್ಷಿ ಕುಟ್ಟಿ ಉಂಡೆ ಮಾಡಿ ಅವನಿಗೆ ತಿನ್ನಿಸಿದೆ. ದೃಷ್ಟಿ ಹೋಗಲೆಂದು ಅವನ ಜಗಲಿಯಲ್ಲಿ ಕಹಿಸೊಪ್ಪಿನ ಹೊಗೆ ಹಾಕಿದೆ. ಮಾರಿ ಪಟ್ಟಣದ ಡಾಕ್ಟರಿಗೆ ತೋರಿಸೋಣವೆಂದರೆ ಅವನು ಬರಲೊಲ್ಲ. ಅವನ ಕರವಸ್ತ್ರದಲ್ಲಿ ಗಂಟುಗಳು ಕಾಣಿಸತೊಡಗಿದವು. ಯಾವ ಗಂಟು ಯಾವುದಕ್ಕೆ ಹಾಕಿದ್ದು ಎಂದು ಯೋಚಿಸುತ್ತ ಕೂತಿರುತ್ತಿದ್ದ. ನಾನೂ ಅವನನ್ನು ಕಾಯುತ್ತ ನನ್ನದೇ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಮರೆವು ಯಾರಿಗೆ ಹಿಡಿದಿದೆಯೋ ನನಗೇ ಗೊತ್ತಾಗದಂತಾಯಿತು.

ಅಷ್ಟರಲ್ಲಿ ಓಗುಲ್‌ಬೀಬಿಯ ವರ್ಷದ ಊಟದ ದಿನ ಬಂತು. ಊರಿನ ಹಿರಿಯರೆಲ್ಲ ಅಂಗಳದಲ್ಲಿ ಹಾಸಿದ ಜಮಖಾನದ ಮೇಲೆ ಕೂತಿದ್ದರು. ನಾವು ಹೆಂಗಸರು ತಂದೂರಿ ಒಲೆಯ ಪಕ್ಕ ದೋಗ್ರಾಮಾಕ್ಕೆಂದು ಬಿಸಿಬಿಸಿ ರೊಟ್ಟಿ ಚೂರು ಮಾಡುತ್ತಿದ್ದೆವು. ಆ ಚೂರುಗಳ ಮೇಲೆ ಮಾಂಸ, ಈರುಳ್ಳಿ ಹಾಕಿ ಸಾರು ಸುರಿದರೆ ಊಟ ಸಿದ್ಧ. ನನ್ನ ಪಕ್ಕದಲ್ಲಿ ಸೆಲ್ಬಿ ಕೂತಿದ್ದಳು. ಆಗ ತಾಗನ್ ಎದ್ದು ನಿಂತು ಬೆಲ್ಟಿನಿಂದ ಬೀಗದ ಕೈ ಬಿಚ್ಚುವುದನ್ನು ಕಂಡೆ. ಅವನೇನು ಮಾಡಹೊರಟಿದ್ದಾನೆಂದು ತಕ್ಷಣ ಗೊತ್ತಾಯಿತು. ಆಣೆಗೀಣೆ ಎಲ್ಲ ಮರೆತು ಅಳುತ್ತ ಸೆಲ್ಬಿಗೆ ಹೇಳಿಬಿಟ್ಟೆ: ನೋಡು, ನಸುಕಿನಲ್ಲಿ ಮೊಟ್ಟೆ ತಿರುಗಿಸಿದ್ದೇನೆ ಅಂತಾನೆ, ಸಂಜೆ ನೋಡಿದರೆ ತಿರುಗಿಸಿರೋದೇ ಇಲ್ಲ, ಅದಕ್ಕೇ ಪಂಪ್‌ಮನೆ ಬಿಡ್ತಿದಾನೆ.

ಸೆಲ್ಬಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ನಸುಕಲ್ಲಿ ಮಾವ ತಿರುಗಿಸ್ತಾರಾ? ದೊಡ್ಡತ್ತೆ, ಬೆಳಿಗ್ಗೆ ನಾನು ತಿರುಗಿಸ್ತಿದೀನಿ. ಮುಟ್ಟಬೇಡ ಅಂದಿದ್ದಕ್ಕೆ ಕದ್ದು ತಿರುಗಿಸ್ತಿದೀನಿ."

ನನಗೆ ತಲೆಗೆ ಹತ್ತಲು ಒಂದು ಗಳಿಗೆ ಹಿಡಿಯಿತು. ನಸುಕಿನಲ್ಲಿ ಅವನು ತಿರುಗಿಸಿದ್ದನ್ನು ಬೆಳಿಗ್ಗೆ ಇವಳು ಮತ್ತೆ ತಿರುಗಿಸಿದರೆ ಗೆರೆ ಮೊದಲಿದ್ದ ಕಡೆಗೇ ಬಂತಲ್ಲ! ಅವನಿಗೂ ತಾನು ತಿರುಗಿಸಲಿಲ್ಲವೆಂದು ಕಾಣಬೇಕು. ಅವನು ಸಂಜೆಯೂ ನಸುಕಿನಲ್ಲೂ ಎರಡು ಸಲ ತಿರುಗಿಸುವುದರಿಂದ ಗೆರೆ ದಿನಾ ಬೆಳಿಗ್ಗೆ, ಹಿಂದಿನ ಬೆಳಿಗ್ಗೆ ಇವಳು ಬಿಟ್ಟ ಕಡೆಗೇ ಇದ್ದು, ಇವಳಿಗೂ ಅವನು ತಿರುಗಿಸುವುದೇ ಇಲ್ಲವೆಂದು ಕಾಣಬೇಕು. ನಾನು ಮಂಡಿಗೆ ಕೈಯೂರಿ ಏಳಹೋದೆ. ಎದ್ದು ಏನು ಹೇಳಲಿ? ನಾನು ಹೇಳಿದರೆ ಕುದುರೆ ಹುಲ್ಲು ತಿಂತು ಅಂದ ಹಾಗೇ ಅವನಿಗೆ.

ತಾಗನ್ ಬೀಗದ ಕೈಯನ್ನು ಊರ ಹಿರಿಯ ಸಾಪಾರನ ಮುಂದಿಟ್ಟು, ತನ್ನ ತಲೆಯ ಮೇಲೆ ತನಗೆ ನಂಬಿಕೆ ಹೋಗಿದೆ, ಮೋಟಾರಿನಲ್ಲಿ ಯಾರದಾದರೂ ಕೈ ಇರುವಾಗ ಮರೆತು ಗುಂಡಿ ಒತ್ತಿಬಿಟ್ಟರೆ ಏನು ಗತಿ, ಬೇರೆಯವರಿಗೆ ಕೊಡಿ ಎಂದ. ಅಷ್ಟರಲ್ಲಿ ಸೆಲ್ಬಿ ಗಂಡಸರ ಜಮಖಾನದ ಅಂಚಿಗೆ ಹೋಗಿ ನಿಂತಿದ್ದಳು. ಹಲ್ಲಲ್ಲಿ ಕಚ್ಚಿದ್ದ ವಸ್ತ್ರದ ತುದಿಯನ್ನು ಬಿಟ್ಟಳು.

"ಮಾವ, ನೀವು ಏನೂ ಮರೆತಿಲ್ಲ. ನೀವು ತಿರುಗಿಸಿದ್ದನ್ನ ದಿನಾ ಬೆಳಿಗ್ಗೆ ನಾನು ಮತ್ತೆ ತಿರುಗಿಸ್ತಿದ್ದೆ. ಮುಟ್ಟಬೇಡ ಅಂದಿದ್ರಿ, ಮುಟ್ಟಿದೆ."

ಗಂಡಸರೆಲ್ಲ ಚಹದ ಬಟ್ಟಲೊಳಗೆ ಕಣ್ಣಿಟ್ಟರು. ಸತ್ತವಳ ಊಟದ ದಿನ, ಇಷ್ಟು ಜನರ ಮುಂದೆ, ಮಾವ ಬಿಡಿಸದ ಬಾಯಿಯನ್ನು ಸೊಸೆ ತಾನಾಗಿ ಬಿಚ್ಚಿದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೋ ಹೆಮ್ಮೆಯೋ ಗೊತ್ತಾಗಲಿಲ್ಲ, ಎರಡೂ ಇತ್ತು.

ಸಾಪಾರ ನಿಧಾನವಾಗಿ ಕೇಳಿದ: "ತಾಗನ್, ಈ ಹುಡುಗಿಗೆ ಬಾಯಿ ಬಿಡಿಸೋ ಉಡುಗೊರೆ ಕೊಟ್ಟಿದ್ಯಾ?"

ತಾಗನ್ ಸೊಸೆಯ ಮುಖವನ್ನು ನೋಡಿದ. ಅವಳ ತುಟಿಯನ್ನು ಅವನು ಕಂಡದ್ದು ಅದೇ ಮೊದಲು.

"ಕೊಟ್ಟಿದೀನಿ ಸಾಪಾರಣ್ಣ. ಕೆಂಪು ರೇಷ್ಮೆ. ಓಗುಲ್‌ಬೀಬಿ ಆರಿಸಿದ್ದು. ಹೊಲಿಸೋದು ಬಾಕಿ."

ಸಾಪಾರ ಬೀಗದ ಕೈಯನ್ನು ಅವನ ಕಡೆಗೆ ಸರಿಸಿದ. ತಾಗನ್ ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಇನ್ನೂ ನಿಂತೇ ಇದ್ದವಳನ್ನು ಕೇಳಿದ: "ಕರೆಂಟ್ ಹೊಡೀಲಿಲ್ವಾ?"

"ಒಂದು ಸಲ ಹೊಡೀತು ಮಾವ."

ಮೊದಲು ನಕ್ಕವನು ಸಾಪಾರ. ಆಮೇಲೆ ಎಲ್ಲರೂ ನಕ್ಕರು. ತಾಗನ್ ಮಾತ್ರ ತೋಳಿನಿಂದ ಕಣ್ಣೊರೆಸಿಕೊಂಡ.

ಮೂರು ವಾರ ತುಂಬಿದಾಗ ಪೆಟ್ಟಿಗೆಯೊಳಗೆ ಚಿಂವ್ ಚಿಂವ್ ಶುರುವಾಯಿತು. ಕೆಲವು ಮೊಟ್ಟೆ ಒಡೆಯಲೇ ಇಲ್ಲ. ಬಂದವಕ್ಕೆಲ್ಲ ಕಾಲಲ್ಲಿ ಪುಕ್ಕ ಇತ್ತು. ಆ ಮನೆಯಲ್ಲಿ ಆಮೇಲೆ ಮಾತೋ ಮಾತು. ಗೋಡೆಯ ಈಚೆ ನನಗೆ ನಿದ್ದೆ ಬರದಷ್ಟು.

ಇದೆಲ್ಲ ಆಗಿ ವರ್ಷಗಳಾದವು. ಈಗ ತಾಗನ್‌ಗೆ ನಿಜವಾಗಿಯೂ ಮರೆವು ಬಂದಿದೆ. ಬೀಗದ ಕೈ ಮಗನಿಗೆ ಹೋಗಿದೆ. ಪ್ರತಿ ವಸಂತದಲ್ಲೂ ಸೆಲ್ಬಿ ಅದೇ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುತ್ತಾಳೆ, ದಿನಾ ಬೆಳಿಗ್ಗೆ ಅವನು ಕೇಳುತ್ತಾನೆ, "ಸೆಲ್ಬಿ, ತಿರುಗಿಸಿದೆನಾ ನಾನು?" "ತಿರುಗಿಸಿದ್ರಿ ಮಾವ" ಎನ್ನುತ್ತಾಳೆ. ಅವನು ಅಂಗಳಕ್ಕೆ ಹೋದ ಮೇಲೆ ಒಳಗೆ ಹೋಗಿ ತಿರುಗಿಸುತ್ತಾಳೆ. ಅವಳು ಹಾಗೆ ಹೇಳುವುದನ್ನು ಕೇಳುವಾಗೆಲ್ಲ ನನಗೆ ಆ ವಸಂತದ ಲೆಕ್ಕ ಮತ್ತೆ ತಪ್ಪುತ್ತದೆ. ತಾಗನ್ ನನ್ನ ಬಳಿ ಬಂದು ಅಪ್ಪನ ಮರೆವಿನ ಬಗ್ಗೆ ಕೇಳಿದ್ದು ಮೊದಲೋ, ಇವಳು ಮೊಟ್ಟೆಗೆ ಕೈ ಹಾಕಿದ್ದು ಮೊದಲೋ? ಎಷ್ಟು ಜೋಡಿಸಿದರೂ ನನಗೆ ಕೂಡುವುದಿಲ್ಲ.

ಮೊನ್ನೆ ಇಬ್ಬರೇ ರೊಟ್ಟಿ ಬೇಯಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ಸೆಲ್ಬಿ, ನಿಜ ಹೇಳು. ಆಗಲೂ ಅವನು ಒಂದೊಂದು ದಿನ ಮರೀತಿದ್ನಾ?"

ಒಲೆಯ ಬಿಸಿಗೆ ಅವಳ ಮುಖ ಕೆಂಪಾಗಿತ್ತು. ಹೆಂಗಸರೆದುರು ಎಂದೂ ಮಾಡದವಳು ತಲೆವಸ್ತ್ರದ ತುದಿ ಎಳೆದು ಹಲ್ಲಲ್ಲಿ ಕಚ್ಚಿಕೊಂಡಳು. ಆಮೇಲೆ ಬಗ್ಗಿ ಮುಂದಿನ ರೊಟ್ಟಿಯನ್ನು ಒಲೆಗೆ ಬಡಿದಳು.