ಒಂದೇ ಕಡೆ ಸಾಕು ಅಂದೆ

ನನ್ನ ಎಡ ಮೊಲೆ ಬೆಳೆಯಲೇ ಇಲ್ಲ. ಬಲಗಡೆಯದು ಎಲ್ಲರಂತೆ ಬೆಳೆಯಿತು. ಇದನ್ನು ಹೀಗೆ ಮೊದಲ ಸಾಲಿನಲ್ಲೇ ಬರೆಯುವುದಕ್ಕೆ ನನಗೆ ಎಷ್ಟೋ ವರ್ಷ ಬೇಕಾದವು. ಈಗ ಬರೆದಿದ್ದೇನೆ. ಓದುವವರು ಮುಖ ಆಚೆ ತಿರುಗಿಸಿದರೆ ಅದು ಅವರ ಕುತ್ತಿಗೆಯ ತೊಂದರೆ.

ನಮ್ಮದು ಔರಾದ ಕಡೆಯ ಕುರಿ ಸಾಕುವ ಮನೆತನ. ಜೊತೆಗೆ ಒಂದಿಷ್ಟು ಜೋಳ, ತೊಗರಿಯ ಹೊಲ. ಮೈನೆರೆದು ಬಹಳ ದಿನವಾದರೂ ಒಂದು ಕಡೆ ಸಪಾಟಾಗಿಯೇ ಉಳಿದಾಗ ಅವ್ವ ಯಾರನ್ನೂ ಕೇಳಲಿಲ್ಲ. ಕತ್ತರಿಸಿ ತಂದ ಉಣ್ಣೆಯಲ್ಲಿ ಮೆತ್ತನೆಯದನ್ನು ಆರಿಸಿ, ತೊಳೆದು, ಹಿಂಜಿ, ಹಳೇ ಧೋತರದ ತುಂಡಿನಲ್ಲಿಟ್ಟು ಹೊಲಿದು, ನನ್ನ ಜಂಪರಿನ ಎಡಗಡೆಗೆ ತುರುಕಿದಳು. ನಮ್ಮ ಕಡೆ ರವಿಕೆಗೆ ಜಂಪರ್ ಅನ್ನುತ್ತೇವೆ. ಈ ಉಪಾಯ ಕುರಿಯವರ ಮನೆಯಲ್ಲಲ್ಲದೆ ಇನ್ನೆಲ್ಲೂ ಹೊಳೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ಅದು ತುರಿಸುತ್ತಿತ್ತು, ಮಳೆಯಲ್ಲಿ ನೆನೆದರೆ ಕುರಿಯ ವಾಸನೆ ಹೊಡೆಯುತ್ತಿತ್ತು. ಅದನ್ನಿಟ್ಟುಕೊಂಡೇ ಬೀದರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ, ಆಮೇಲೆ ಬಿ.ಎಡ್. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಹಾಸ್ಟೆಲಿನ ಹುಡುಗಿಯರು ಬಚ್ಚಲಿನ ಮುಂದೆ ಸಾಲು ನಿಲ್ಲುವ ಮೊದಲೇ ಎದ್ದು ಸ್ನಾನ ಮುಗಿಸುತ್ತಿದ್ದೆ. ಅಷ್ಟು ಬೇಗ ಏಳುತ್ತಿದ್ದುದರಿಂದ ಓದಿಗೂ ಹೊತ್ತು ಸಿಕ್ಕಿತು. ಹಾಗಂತ ನನ್ನ ಓದಿನ ಶ್ರೇಯಸ್ಸನ್ನು ಆ ಉಣ್ಣೆಯ ಗಂಟಿಗೆ ಕೊಡುವವಳಲ್ಲ. ಓದಿದ್ದು ನಾನು.

ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗೆಲ್ಲ ಗಂಟು ಮೇಲಕ್ಕೆ ಸರಿಯುತ್ತಿತ್ತು. ಮಕ್ಕಳಿಗೆ ಬೆನ್ನು ಕೊಟ್ಟೇ ಅದನ್ನು ಕೆಳಗೆಳೆದುಕೊಳ್ಳುವುದು ರೂಢಿಯಾಗಿತ್ತು. ಹೃದಯದ ಚಿತ್ರ ಬರೆಯುತ್ತಿದ್ದ ಒಂದು ದಿನ ಹಾಗೆ ಎಳೆದುಕೊಂಡಾಗ ನನಗೇ ಸಿಟ್ಟು ಬಂತು. ದೇಹದ ಪಾಠ ಹೇಳುವವಳು ತನ್ನ ದೇಹವನ್ನೇ ಹೀಗೆ ಕದ್ದುಮುಚ್ಚಿಕೊಂಡು ಎಷ್ಟು ದಿನ ಇರಬೇಕು? ಆ ವಾರವೇ ಬೀದರಿಗೆ ಹೋಗಿ ಹೆಂಗಸರ ಡಾಕ್ಟರಿಗೆ ತೋರಿಸಿದೆ. ಅವರು ವಾರಕ್ಕೊಮ್ಮೆ ಹೈದರಾಬಾದಿನಿಂದ ಬರುವ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸಿದರು.

ಸರ್ಜನ್ ಮೇಜಿನ ಮೇಲೆ ಮಾದರಿಗಳನ್ನು ಹರಡಿ ತೋರಿಸಿದರು. ಒಂದರೊಳಗೆ ಉಪ್ಪುನೀರು. ಅದು ಒಡೆದರೆ ಗಾಳಿ ಹೋದ ಪುಗ್ಗಿಯಂತೆ ಕುಗ್ಗಿ ತಕ್ಷಣ ಗೊತ್ತಾಗುತ್ತದೆ, ಆದರೆ ಚರ್ಮ ತೆಳುವಾಗಿದ್ದವರಿಗೆ ಮೇಲಿನಿಂದಲೇ ಸುಕ್ಕು ಕಾಣಬಹುದು. ಇನ್ನೊಂದು ಸಿಲಿಕೋನ್ ಜೆಲ್‌ನದು. ಕತ್ತರಿಸಿದ ಒಂದು ತುಂಡನ್ನು ಒತ್ತಿ ನೋಡಿದೆ. ಒಳಗಿನದು ಹರಿಯಲಿಲ್ಲ, ಅಲ್ಲೇ ನಿಂತಿತು. ಈದ ಕುರಿಯ ಮೊದಲ ಹಾಲು ಕಾಸಿ ಮಾಡಿದ ಗಿಣ್ಣ ಕಂಡವಳಿಗೆ ಅದು ತಿಳಿಯುವುದು ಕಷ್ಟವಲ್ಲ. ಇದು ಒಡೆದರೆ ಮಾತ್ರ ಸದ್ದಿಲ್ಲ, ಹೊರಗೆ ಏನೂ ಕಾಣದಿರಬಹುದು. ಅದಕ್ಕೇ ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಆಕಾರದಲ್ಲಿಯೂ ದುಂಡನೆಯದು, ನೀರಹನಿಯಂಥದು ಎಂದು ಎರಡು ಬಗೆ. ಹನಿಯಂಥದು ನೋಡಲು ಸಹಜ, ಆದರೆ ಒಳಗೇ ತಿರುಗಿದರೆ ಎದೆ ಸೊಟ್ಟಗಾಗುತ್ತದೆ. ತಿರುಗದಿರಲೆಂದು ಅದರ ಮೈಯನ್ನು ತರಿತರಿಯಾಗಿ ಮಾಡಿರುತ್ತಾರೆ. ತರಿ ಮೈಯ ಕೆಲವು ಬಗೆಗಳಿಗೂ ಅಪರೂಪದ ಒಂದು ಕ್ಯಾನ್ಸರಿಗೂ ನಂಟು ಕಂಡುಬಂದಿದೆ ಎಂದು ಅವರೇ ಹೇಳಿದರು. ಹಾಗಾದರೆ ನುಣುಪಾದದ್ದು, ದುಂಡನೆಯದು ಅಂದೆ. ನನಗೆ ಮೇಲೆ ಮಾಂಸವಿಲ್ಲದ್ದರಿಂದ ಎದೆಯ ಸ್ನಾಯುವಿನ ಕೆಳಗೆ ಇಡುವುದು ಒಳ್ಳೆಯದು, ಗಾಯದ ಗೆರೆ ಮೊಲೆಯ ಬುಡದ ಮಡಿಕೆಯಲ್ಲಿ ಬರುತ್ತದೆ ಎಂದರು.

ಆಮೇಲೆ, ಹೇಗೂ ಮಾಡಿಸುತ್ತಿದ್ದೀರಿ, ಎರಡೂ ಕಡೆ ಹಾಕಿದರೆ ತುಂಬಿಕೊಂಡು ಕಾಣುತ್ತದೆ, ಮದುವೆಯಾಗುವವರು ಹೆಚ್ಚಾಗಿ ಹಾಗೇ ಮಾಡಿಸುತ್ತಾರೆ ಎಂದರು. ಮದುವೆಯ ಮಾತನ್ನು ನಾನು ಎತ್ತಿರಲೇ ಇಲ್ಲ.

"ಬಲಗಡಿಗಿ ಏನಾಗ್ಯಾದ್ರಿ ಡಾಕ್ಟ್ರೇ? ಅದು ತನ್ನ ಪಾಡಿಗಿ ತಾ ಛಲೋ ಅದ. ಒಂದೇ ಕಡಿ ಸಾಕು."

ಅವರು ನಕ್ಕು, ಬಲಗಡೆಗೆ ಹೊಂದುವ ಒಂದು ಅಳತೆಯನ್ನು ಸಿಸಿಯಲ್ಲಿ ಹೇಳಿದರು. ಅಷ್ಟು ಸಿಸಿ ಕಾಳನ್ನು ಚೀಲದಲ್ಲಿ ತುಂಬಿ ಬ್ರಾದೊಳಗೆ ಇಟ್ಟುಕೊಂಡು ಮನೆಯಲ್ಲಿ ಓಡಾಡಿ ನೋಡಿ ಎಂದರು. ಭಾಲ್ಕಿಯ ನನ್ನ ಕೋಣೆಯಲ್ಲಿ ಜೋಳವಿತ್ತು. ಅಡುಗೆಮನೆಯ ಕಾಟಾದಲ್ಲಿ ಅಷ್ಟೇ ಗ್ರಾಂ ತೂಗಿ ಚೀಲ ಕಟ್ಟಿದೆ. ಆಗ ಅವ್ವ ಊರಿನಿಂದ ಬಂದಿದ್ದಳು. ಬಾಗಿಲಲ್ಲಿ ನಿಂತು ನೋಡಿದಳು.

"ತಿನ್ನೋ ಜ್ವಾಳ ಎದಿಗಿ ಕಟ್ಕೊಂಡು ಸಾಲಿಗಿ ಹೊಂಟೀ ಏನ ಮಗಳ? ದಾರ್ಯಾಗ ಕೋಳಿ ಬೆನ್ನ ಹತ್ತಿದ್ರ ಹ್ಯಾಂಗ?"

ಇಬ್ಬರೂ ಬಹಳ ನಕ್ಕೆವು. ಆ ನಗುವಿನಲ್ಲೇ ಅವಳಿಗೆ ಎಲ್ಲ ಹೇಳಿದೆ. ಉಣ್ಣೆ ತುರುಕಿದ ದಿನದಿಂದ ನಾವಿಬ್ಬರೂ ಈ ಮಾತು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅವಳು ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಜೋಳದ ಚೀಲ ಬಲಗಡೆಗಿಂತ ದೊಡ್ಡದಾಗಿ ಕಂಡಿತು. ಮುಂದಿನ ಭೇಟಿಯಲ್ಲಿ ಬಹಳ ಸಣ್ಣದು ಬೇಕೆಂದು ಸರ್ಜನ್ ಜೊತೆ ವಾದಕ್ಕೆ ಕೂತೆ. ಅವರು ತಾವು ಹೇಳಿದ್ದ ಅಳತೆಯ ಮಾದರಿಯನ್ನೇ ಇಟ್ಟು ಕನ್ನಡಿ ಮುಂದೆ ನಿಲ್ಲಿಸಿದರು. ಸರಿಯಾಗಿ ಹೊಂದಿತ್ತು. ಸಿಸಿ ಎಂದರೆ ಗಾತ್ರ, ನಾನು ತೂಗಿದ್ದು ತೂಕ. ನೀರಿನಲ್ಲಿ ಎರಡೂ ಒಂದೇ, ಕಾಳಿನಲ್ಲಿ ಅಲ್ಲ; ಅಷ್ಟೇ ತೂಕದ ಕಾಳು ಹೆಚ್ಚು ಜಾಗ ಹಿಡಿಯುತ್ತದೆ. ಇದೇ ಪಾಠವನ್ನು ನಾನು ಎಂಟನೇ ತರಗತಿಗೆ ಹೇಳುತ್ತೇನೆ. ಮೊಂಡು ಹಿಡಿದು ಸಣ್ಣದನ್ನು ಹಾಕಿಸಿಕೊಂಡಿದ್ದರೆ ಮತ್ತೆ ಉಣ್ಣೆಯೇ ಗತಿಯಾಗುತ್ತಿತ್ತು. ದಸರಾ ರಜೆಯಲ್ಲಿ ಆಪರೇಷನ್ ಎಂದು ಗೊತ್ತು ಮಾಡಿದೆವು.

ಅಷ್ಟರಲ್ಲಿ ಕಮಲನಗರದಿಂದ ಒಂದು ಸಂಬಂಧ ಬಂತು. ಹುಡುಗ ನೌಕರಿಯವನು, ಜಾತಕ ಕೂಡಿತ್ತು. ಆಪರೇಷನ್ ಸುದ್ದಿ ಅವ್ವನಿಂದ ಸೋದರತ್ತೆಗೆ, ಅತ್ತೆಯಿಂದ ಅಣ್ಣನಿಗೆ ಮುಟ್ಟಿತು. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಇಬ್ಬರಿಗೂ ಖುಷಿಯಾಗಿತ್ತು! ನಮ್ಮ ಮಂದಿಯಲ್ಲಿ ಅರಿಶಿಣದ ದಿನ ಮದುಮಗಳನ್ನು ತೆಳ್ಳನೆಯ ಒಂದು ಸೀರೆಯಲ್ಲಿ ಕೂರಿಸಿ, ಗಂಡಿನ ಕಡೆಯ ಹೆಂಗಸರೂ ಕುತ್ತಿಗೆ, ಭುಜ, ಎದೆಗೆಲ್ಲ ಅರಿಶಿಣ ಹಚ್ಚುತ್ತಾರೆ. ಅವರು ಹಚ್ಚುವುದಕ್ಕಿಂತ ನೋಡುವುದೇ ಹೆಚ್ಚು ಎಂದಳು ಅತ್ತೆ. ಅದಕ್ಕೆ ಮೊದಲೇ ಗುಟ್ಟಾಗಿ ಮಾಡಿಸಿಬಿಡೋಣ, ಯಾರಾದರೂ ಕೇಳಿದರೆ ಪಿತ್ತಕೋಶದ ಹರಳು ಅನ್ನೋಣ ಎಂದ ಅಣ್ಣ. ನಾನು ಓದಿ, ಒತ್ತಿ ನೋಡಿ, ವಾದಿಸಿ ಆರಿಸಿಕೊಂಡದ್ದು ಒಂದೇ ಸಂಜೆಯಲ್ಲಿ ಅವರ ಇಜ್ಜತ್ತು ಮುಚ್ಚುವ ಬಟ್ಟೆಯಾಗಿಬಿಟ್ಟಿತು. ನನ್ನ ಆ ಆಯ್ಕೆಯನ್ನು ಅವರಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

"ಸುಳ್ಳ ಹೇಳೂದಿಲ್ಲ. ಅವರು ಬರ್ಲಿ, ನಾನ ಹೇಳ್ತೇನಿ," ಅಂದೆ.

ಹುಡುಗನ ತಾಯಿ ಮತ್ತು ಅಕ್ಕ ಊರಿನ ಮನೆಗೆ ಬಂದರು. ಅಡುಗೆಮನೆಗೆ ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏನಿಲ್ಲ, ಏನು ಹಾಕಿಸಿಕೊಳ್ಳುತ್ತೇನೆ, ಯಾವಾಗ ಎಂಬುದನ್ನೆಲ್ಲ. ಅಕ್ಕ ತಾಯಿಯ ಕಿವಿಯಲ್ಲಿ ಮರಾಠಿಯಲ್ಲಿ ಏನೋ ಅಂದಳು. ತಾಯಿ ಬಹಳ ಮೆಲ್ಲಗೆ ಕೇಳಿದರು.

"ಕೂಸಿಗಿ ಹಾಲ ಹ್ಯಾಂಗವ್ವ?"

ಎಡಗಡೆ ಹಾಲಿನ ಗ್ರಂಥಿಯೇ ಸರಿಯಾಗಿ ಇಲ್ಲ, ಹಾಕಿಸಿದರೂ ಬಿಟ್ಟರೂ ಅಲ್ಲಿ ಹಾಲಿನ ಆಸೆಯಿಲ್ಲ. ಬಲಗಡೆ ಯಾರೂ ಕೈ ಹಚ್ಚುವುದಿಲ್ಲ, ಅದು ಸಾಲಬಹುದು, ಆದರೆ ಖಾತ್ರಿ ಕೊಡಲು ಯಾವ ಡಾಕ್ಟರಿಗೂ ಆಗದು ಎಂದೆ. ಪ್ರಶ್ನೆ ನ್ಯಾಯವಾದದ್ದೇ, ಕೇಳಿದ್ದಕ್ಕೆ ಬೇಸರವಿಲ್ಲ. ಅವರು ಚಹಾ ಕುಡಿದು ಎದ್ದರು. ಎರಡು ದಿನಕ್ಕೆ ಜಾತಕ ಕೂಡುವುದಿಲ್ಲ ಎಂದು ಸುದ್ದಿ ಬಂತು.

ಅಣ್ಣ ಊಟ ಬಿಟ್ಟು ಕೂತ. ಆಮೇಲೆ, ಸಂಬಂಧ ಅಂತೂ ಹೋಯಿತು, ಇನ್ನು ಆಪರೇಷನ್ ಯಾಕೆ ಎಂದ.

"ಇನ್ನ ಯಾರ ಸಲುವಾಗಿ ಮಾಡಿಸ್ಕೋತಿ?"

"ಇದನ್ನ ಮೊದಲೇ ಕೇಳಬೇಕಿತ್ತು ಅಣ್ಣಾ. ನನ್ನ ಸಲುವಾಗಿ."

ರಜೆ ಬಂದಾಗ ಅವ್ವ ತಾನಾಗಿಯೇ ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು ನನ್ನ ಜೊತೆ ಬೀದರಿನ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಪಕ್ಕದ ಹಾಸಿಗೆಯ ಹೆಂಗಸು ಮಗಳಿಗೆ ಏನಾಗಿದೆ ಎಂದು ಕೇಳಿದಾಗ, ಪಿತ್ತಕೋಶದ ಹೆಸರು ಎತ್ತದೆ, "ಎದಿ ಮಾಡಿಸ್ಕೋತಾಳ್ರಿ," ಎಂದಳು.

ಎಲ್ಲ ಸುಖವಾಗಿ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಸ್ನಾಯುವಿನ ಕೆಳಗೆ ಇಟ್ಟದ್ದಕ್ಕೆ ಕೆಲವು ದಿನ ಎದೆಯ ಮೇಲೆ ಕಲ್ಲು ಹೇರಿದಂತೆ ಬಿಗಿ. ಕೈ ಎತ್ತಲು ಆಗುತ್ತಿರಲಿಲ್ಲ, ಅವ್ವನೇ ತಲೆ ಬಾಚಿದಳು. ಈಗಲೂ ಅಂಗಾತ ಮಲಗಿದರೆ ಬಲಗಡೆಯದು ಪಕ್ಕಕ್ಕೆ ಸರಿಯುತ್ತದೆ, ಎಡಗಡೆಯದು ಸರಿಯದೆ ನಿಂತಿರುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಇನ್ನೂ ಹೆಚ್ಚಬಹುದು. ಸುತ್ತಲಿನ ಪದರ ಗಟ್ಟಿಯಾಗಿ ಬಿಗಿಯಬಹುದು, ಒಂದು ದಿನ ತೆಗೆಸಬೇಕಾಗಬಹುದು, ಬದಲಿಸಬೇಕಾಗಬಹುದು. ಇದು ಜೀವಮಾನದ ವಸ್ತುವಲ್ಲ ಎಂದು ಗೊತ್ತಿದ್ದೇ ಹಾಕಿಸಿಕೊಂಡೆ. ಬೋರ್ಡಿನ ಮೇಲೆ ಕೈ ಎತ್ತಿ ಮೂಲೆಯವರೆಗೂ ಬರೆಯುತ್ತೇನೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊನ್ನೆ ಅತ್ತೆ ಭಾಲ್ಕಿಗೆ ಬಂದಿದ್ದಳು. ಬೀದರಿನ ಒಂದು ಮನೆತನ, ಹುಡುಗನಿಗೂ ಪದವಿಯಾಗಿದೆ, ನೋಡಲು ಬರುತ್ತಾರಂತೆ. ನನ್ನ ಎದೆಯನ್ನೊಮ್ಮೆ ದಿಟ್ಟಿಸಿ ನೋಡಿ ತೃಪ್ತಿಪಟ್ಟಳು.

"ಈಗ ಎರಡೂ ಸಮ ಅವ. ಜರಾ ಬಾಯಿ ಮುಚ್ಕೊಂಡಿದ್ರ ಯಾರಿಗೂ ಗೊತ್ತಾಗೂದಿಲ್ಲ."

"ಮುಚ್ಚಿಡ್ಲಿಕ್ಕ ಹಾಕಿಸ್ಕೊಂಡಿಲ್ರಿ ಅತ್ತಿ. ಬಂದ ಕೂಡ್ಲೆ ಹೇಳ್ತೇನಿ."

ಅತ್ತೆ ತಲೆ ತಲೆ ಬಡಿದುಕೊಂಡಳು. ಇಷ್ಟು ಓದಿಸಿದ್ದೇ ತಪ್ಪಾಯಿತು ಅಂದಳು. ಓದಿಸಿದ್ದು ನೀವಲ್ಲ, ನಾನೇ ಓದಿದ್ದು ಅಂದೆ. ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದವಳು ಅಲ್ಲೇ ನಿಂತು, ಈ ಕಡೆ ತಿರುಗದೆ, ಹಾಗಾದರೆ ಯಾವತ್ತು ಬರಹೇಳಲಿ ಎಂದು ಕೇಳಿದಳು.

"ಐತವಾರ ಬರ್ಲಿ," ಅಂದೆ.