ಕಲ್ಲಿನ ಮೇಲೆ ಕೂತ ಮಲ್ಲಿಗಮ್ಮ

ಬಿಸಿಲು ಇನ್ನೂ ಹೊಲದ ಬದುವಿನೆತ್ತರಕ್ಕೂ ಏರಿಲ್ಲ. ಹಾಸನದಿಂದ ಮೊದಲ ಬಸ್ಸಿಗೆ ಬಂದಿಳಿದ ಇಪ್ಪತ್ತೆರಡು ಮಂದಿ, ರಾಗಿ ಪೈರಿನ ಇಬ್ಬನಿಗೆ ಪಂಚೆ, ಸೀರೆಯ ಅಂಚು ತೋಯಿಸಿಕೊಂಡು ಸಾಲಾಗಿ ನಡೆಯುತ್ತಿದ್ದಾರೆ. ಎಲ್ಲರಿಗಿಂತ ಮುಂದೆ, ದಾರಿ ತೋರಿಸುತ್ತಾ, ಇದೇ ಊರಿನ ಮಲ್ಲಿಗಮ್ಮ. ಕಂಕುಳಲ್ಲಿ ಕಡ್ಡಿಪೊರಕೆ, ಸೊಂಟದ ಮೇಲೆ ನೀರಿನ ಬಿಂದಿಗೆ.

ಕೊಳದ ಕೊಪ್ಪಲು ಎಂಬ ಹಳ್ಳಿಯ ಮುರುಕು ಮಂಟಪದ ಪಕ್ಕದಲ್ಲಿ ಆಳೆತ್ತರದ ಕಲ್ಲೊಂದನ್ನು ನೆಟ್ಟಿದೆ. ಮಲ್ಲಿಗಮ್ಮ ಅದರ ಮೈ ಗುಡಿಸಿ, ಮೇಲಿನಿಂದ ನಿಧಾನವಾಗಿ ನೀರು ಸುರಿಯುತ್ತಾರೆ. ಓರೆ ಬಿಸಿಲು ತಾಗಿದ್ದೇ ತಡ, ಬರಿಗಲ್ಲು ಅಂದುಕೊಂಡಿದ್ದರ ಮೇಲೆ ಅಕ್ಷರಗಳು ಸಾಲುಸಾಲಾಗಿ ಎದ್ದು ಬರುತ್ತವೆ. ಹರಟುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಗುಂಪಿನಲ್ಲಿದ್ದ ಹೈಸ್ಕೂಲಿನ ಉಪಾಧ್ಯಾಯಿನಿ ಸರಸ ಚಪ್ಪಲಿ ಕಳಚಿ ಪಕ್ಕಕ್ಕಿಡುತ್ತಾರೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಒತ್ತೇರಿದ್ ಮ್ಯಾಲೆ ಬಂದ್ರೆ ಏನೂ ಕಾಣಾಕಿಲ್ಲ. ನೆತ್ತಿ ಬಿಸ್ಲು ಅಕ್ಷರಾನೆಲ್ಲ ನುಂಗ್ಬುಡ್ತೈತೆ” ಎನ್ನುತ್ತಾರೆ ಮಲ್ಲಿಗಮ್ಮ. ಅವರಿಗೆ ಓದು ಬರುವುದಿಲ್ಲ. ಆದರೆ ಈ ಕಲ್ಲಿನ ಹದಿನಾಲ್ಕು ಸಾಲೂ ಬಾಯಿಪಾಠ.

ಆರು ವರ್ಷದ ಹಿಂದೆ, ೧೯೫೮ರ ಬೇಸಗೆಯಲ್ಲಿ, ಅವರು ಇದೇ ಜಾಗದಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯುತ್ತಿದ್ದರು. ಬಿದ್ದುಹೋದ ಮಂಟಪದ ಕಲ್ಲುಗಳೇ ಹತ್ತಿರಕ್ಕೆ ಸಿಗುತ್ತವೆಂದು ಗುತ್ತಿಗೆಯವರು ಅವನ್ನೇ ಗಾಡಿಯಲ್ಲಿ ತಂದು ಸುರಿಯುತ್ತಿದ್ದರು. ಒಂದು ಬೆಳಿಗ್ಗೆ ಉದ್ದನೆಯ ಚಪ್ಪಡಿಯೊಂದು ಬಂತು. ಸುತ್ತಿಗೆ ಎತ್ತುವ ಮುಂಚೆ ಮಣ್ಣು ಒರೆಸಲು ಹೋದ ಮಲ್ಲಿಗಮ್ಮನ ಅಂಗೈ ಅಲ್ಲೇ ನಿಂತಿತು.

“ಅಕ್ಷರ ಅಂತ ನಂಗೇನ್ ಗೊತ್ತಿತ್ತು ಸಾ? ಯಾರೋ ಕುಂತು ಒಂದೊಂದೇ ಕೆತ್ತವ್ರೆ ಅಂತ ಕೈಗೆ ತಿಳೀತು. ಅಷ್ಟು ಕಷ್ಟಪಟ್ಟು ಕೆತ್ತಿರೋದ ಎಂಗೆ ಒಡೀಲಿ?” ಎಂದು ಕೇಳುತ್ತಾರೆ.

ಅವರು ಸುತ್ತಿಗೆ ಪಕ್ಕಕ್ಕಿಟ್ಟು ಆ ಕಲ್ಲಿನ ಮೇಲೆಯೇ ಕೂತುಬಿಟ್ಟರು. ಮೇಸ್ತ್ರಿ ಮೊದಲು ರೇಗಿದ, ಆಮೇಲೆ ಕೆಲಸದಿಂದ ತೆಗೆಯುತ್ತೇನೆ ಎಂದ. ಇವರು ಏಳಲಿಲ್ಲ. ಪಕ್ಕದ ಸಾಲಿನಲ್ಲಿ ಕಲ್ಲು ಒಡೆಯುತ್ತಿದ್ದ ಗಂಡ ಬೋರಪ್ಪ, ಹೊಟ್ಟೆಪಾಡು ಕಳೆಯಬೇಡ ಎಂದು ಗದರಿಸಿದರು. ಹೆಂಡತಿಯ ಮುಖ ನೋಡಿ ಇವಳು ಏಳುವವಳಲ್ಲ ಎಂದು ಗೊತ್ತಾದ ಮೇಲೆ, ಎರಡು ಮೈಲಿ ಆಚೆಯ ಶಾಲೆಗೆ ಮೇಷ್ಟ್ರನ್ನು ಕರೆತರಲು ಓಡಿದರು.

ಹಳೆಯ ಶಾಸನ ಓದಬಲ್ಲ ಮೇಷ್ಟ್ರು ವೆಂಕಟರಾಮಯ್ಯ ಬಂದಾಗ ಇಳಿಹೊತ್ತು. ಅಷ್ಟರಲ್ಲಿ ಊರೇ ನೆರೆದಿತ್ತು. ಅಕ್ಷರಕ್ಕೆ ಮಣ್ಣು ಮೆತ್ತಿಕೊಂಡಿದೆ, ನೀರು ಬೇಕು ಎಂದರು ಮೇಷ್ಟ್ರು. ಹತ್ತು ಮಾರು ದೂರದಲ್ಲಿ ಮೆಟ್ಟಿಲಿನ ಕೊಳ ತುಂಬಿತ್ತು. ಆದರೆ ಮಲ್ಲಿಗಮ್ಮನ ಕೇರಿಯವರು ಅದಕ್ಕೆ ಇಳಿಯುವಂತಿರಲಿಲ್ಲ. ಅವರಿಗೆ ಹಳ್ಳದ ಗುಂಡಿಯ ನೀರು. ಮೇಷ್ಟ್ರು ತಾವೇ ಇಳಿದು ಒಂದು ಬಿಂದಿಗೆ ತಂದು ಕಲ್ಲು ತೊಳೆದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದವರು, ನಡುವೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು:

“ಇದು ಮಾಚವ್ವೆ ಅನ್ನೋ ಹೆಂಗಸು ಕಟ್ಟಿಸಿದ ಕೊಳ. ಎಂಟುನೂರು ವರ್ಷ ಆಗಿರಬೇಕು. ದಾರೀಲಿ ಬಾಯಾರಿ ಬಂದೋರಿಗೆಲ್ಲ ಅಂತ ಬರೆಸಿದಾಳೆ. ಇಂಥೋರು ಇಳೀಬಾರದು ಅಂತ ಎಲ್ಲೂ ಇಲ್ಲ.”

ಕೆಳಗಿನ ಐದು ಸಾಲಿಗೆ ಇನ್ನೂ ಮಣ್ಣಿತ್ತು. ಮೇಷ್ಟ್ರು ಖಾಲಿ ಬಿಂದಿಗೆಯನ್ನು ಮಲ್ಲಿಗಮ್ಮನ ಕಡೆ ಚಾಚಿದರು. ಮಲ್ಲಿಗಮ್ಮ ಅದನ್ನು ಹಿಡಿದು ಊರವರತ್ತ ನೋಡಿದರು. ಕೊನೆಗೆ ಪಟೇಲರ ಮನೆಯ ಹಿರಿಯಜ್ಜಿ ದೊಡ್ಡತಾಯಮ್ಮ, “ಓಗವ್ವ. ಕಟ್ಸಿದೋಳೇ ಬ್ಯಾಡ ಅಂದಿಲ್ಲ, ನಾವ್ಯಾರು ಅನ್ನಾಕೆ?” ಎಂದರು.

ಹನ್ನೊಂದು ಮೆಟ್ಟಿಲು. ಎಣಿಸಿಕೊಂಡೇ ಇಳಿದೆ ಎನ್ನುತ್ತಾರೆ ಮಲ್ಲಿಗಮ್ಮ. ಹುಟ್ಟಿದಾರಭ್ಯ ದಂಡೆಯಿಂದ ನೋಡಿದ್ದ ಕೊಳದ ಒಳಗೋಡೆಯಲ್ಲಿ ಕಲ್ಲಿನ ಹಂಸಗಳ ಸಾಲೊಂದಿದೆ ಎಂಬುದು ಅವರಿಗೆ ಕಂಡದ್ದು ಅವತ್ತೇ. ಬಿಂದಿಗೆ ತುಂಬಿದ ಮೇಲೂ ಹತ್ತಿ ಬರುವುದು ಮರೆತು ನಿಂತಿದ್ದರಂತೆ.

ಎಲ್ಲ ಸಲೀಸಾಗಿ ನಡೆಯಿತೆಂದಲ್ಲ. ಎರಡು ತಿಂಗಳು ಗಂಡಹೆಂಡಿರನ್ನು ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಕೆಲವು ಮನೆಯವರು ಕೊಳದ ನೀರನ್ನೇ ಬಿಟ್ಟರು. ಬೇಸಗೆ ಬಲಿತು ಬೇರೆ ಬಾವಿಗಳ ತಳ ಕಂಡಾಗ ಒಬ್ಬೊಬ್ಬರಾಗಿ ಬಿಂದಿಗೆ ಹಿಡಿದು ಮರಳಿದರು. ಮಂಟಪದ ಕಲ್ಲಿಗೆ ಮತ್ತೆ ಗಾಡಿ ಬರಲಿಲ್ಲ. ಅಕ್ಷರದ ಚಪ್ಪಡಿಯನ್ನು ಅದರ ಪಕ್ಕದಲ್ಲೇ ಎತ್ತಿ ನೆಟ್ಟರು.

ಹಾಸನದ ಮಂದಿಯನ್ನು ನಡೆಸಿಕೊಂಡು ಬರುವ ಪದ್ಧತಿಯನ್ನು ವೆಂಕಟರಾಮಯ್ಯನವರು ಶುರುಮಾಡಿ ಈಗ ನಾಲ್ಕು ವರ್ಷ. ತಿಂಗಳ ಮೊದಲ ಭಾನುವಾರ ಐದು ಮೈಲಿ ನಡಿಗೆ, ಏಳು ಕಡೆ ನಿಲುಗಡೆ. ವೀರಗಲ್ಲು, ಮಂಟಪ, ಕೊಳ, ಹಳೆಯ ಕೋಟೆಬಾಗಿಲು ಮೊದಲಾದವನ್ನು ದಾಟಿ, ಕೊನೆಗೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ. ನಲವತ್ತಕ್ಕೂ ಮಿಕ್ಕಿ ನಡಿಗೆಗಳಲ್ಲಿ ಮಲ್ಲಿಗಮ್ಮ ಒಂದನ್ನೂ ತಪ್ಪಿಸಿಲ್ಲ. ಉಳಿದ ದಿನ ನಾಟಿ, ಕಳೆ, ಕುಯಿಲಿನ ಕೂಲಿ. ಅದಕ್ಕೆ ಮುಂಚೆ ದಿನಾ ಮಂಟಪ ಗುಡಿಸುತ್ತಾರೆ. ಅದನ್ನು ಅವರಿಗೆ ಯಾರೂ ವಹಿಸಿಲ್ಲ.

ದೊಡ್ಡಗದ್ದವಳ್ಳಿ ತಲುಪುವಾಗ ಬಿಸಿಲು ಚುರುಗುಟ್ಟುತ್ತಿದೆ. ಗುಡಿಯೊಳಗಿನ ತಂಪಿನಲ್ಲಿ, ಅಲ್ಲೇ ಇರುವ ಕಾಳಿಯ ಗರ್ಭಗುಡಿಯ ಬಾಗಿಲ ಎರಡು ಕಡೆಗೂ ನಿಂತ ಕಲ್ಲಿನ ಬೇತಾಳಗಳ ಎದುರು ದೊಡ್ಡವರೂ ಮಕ್ಕಳಂತೆ ಬಾಯಿ ತೆರೆದು ನಿಲ್ಲುತ್ತಾರೆ. ಸಾಕಷ್ಟು ಸಲ ನೋಡಿದ ಮಲ್ಲಿಗಮ್ಮನೂ ನಿಲ್ಲುತ್ತಾರೆ.

ಹೊರಗೆ ಕೂತು ಬುತ್ತಿ ಬಿಚ್ಚಿದಾಗ, ನಿಮಗೇನಾದರೂ ಆಸೆಯಿದೆಯೇ ಎಂದು ಸರಸ ಕೇಳುತ್ತಾರೆ. ಮಲ್ಲಿಗಮ್ಮ ತುತ್ತು ನುಂಗಿ ಯೋಚಿಸುತ್ತಾರೆ. ಕೊಪ್ಪಲಿನ ಒಂದು ದನದ ಕೊಟ್ಟಿಗೆಯ ಮುಂದೆ, ಚರಂಡಿ ದಾಟಲು ಒಂದು ಚಪ್ಪಡಿಯನ್ನು ಮಗುಚಿ ಹಾಸಿದ್ದಾರಂತೆ.

“ಅಡೀಕೆ ಕೈ ತೂರ್ಸಿ ನೋಡಿವ್ನಿ ಕಣವ್ವ. ನಮ್ ಕಲ್ನಂಗೇ ಕೆತ್ತಿರೋ ಗೀರೈತೆ. ನಾನ್ ಸಾಯೋದ್ರೊಳ್ಗೆ ಅದ್ನೊಂದ್ಸಲ ಮ್ಯಾಕ್ ಎತ್ತಿಸ್ಬೇಕು. ಯಾರೋ ಪಾಪ, ಏಟೊಂದ್ ಕಾಲದಿಂದ ಕವುಚ್ಕೊಂಡೇ ಬಿದ್ದವ್ರೆ.”